ಪಾವಿನ ಗಂಜಿ ಕುಡಿದ ಆಡು

ನಮ್ಮ ಎದುರು ಮನೆಯ ವೆಂಕಟಾಚಲಣ್ಣನಿಗೆ ಯಾವುದನ್ನೂ ಅದರ ಪಾಡಿಗೆ ಬಿಡಲು ಬರುವುದಿಲ್ಲ. ನಮ್ಮ ಮನೆಯ ಮಿಕ್ಸಿ ಕೆಟ್ಟಾಗ ಅದನ್ನು ಸರಿಮಾಡಿಕೊಡಿ ಎಂದು ನಾನೇನೂ ಕೇಳಿರಲಿಲ್ಲ. ಅದು ಯಾಕೆ ಕೆಟ್ಟಿತು ಎಂದು ತಿಳಿದುಕೊಳ್ಳುವ ಆಸೆ ಅವರಿಗೇ ಹುಟ್ಟಿತು. ಬಿಚ್ಚಿದರು, ಕಾರಣ ಕಂಡುಹಿಡಿದರು, ಸಂತೋಷಪಟ್ಟರು, ಬಿಡಿ ಭಾಗಗಳನ್ನೆಲ್ಲ ಒಂದು ತಟ್ಟೆಯಲ್ಲಿ ಹರವಿ ನನ್ನ ಕೈಗೆ ಕೊಟ್ಟು ಮನೆಗೆ ಹೋದರು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಒಳಗಿನ ಕಾರ್ಬನ್ ತುಂಡು ಹೇಗೆ ಸವೆದಿದೆ ಎಂದು ತೋರಿಸುವಾಗಿನ ಅವರ ಮುಖ ನೋಡಿದರೆ ಬೈಯುವುದಕ್ಕೆ ಬಾಯಿ ಬರುವುದಿಲ್ಲ. ತಲೆಯೆಲ್ಲ ನೆರೆತ ಗಂಡಸು, ಕಣ್ಣು ಮಾತ್ರ ಹೊಸ ಆಟಿಕೆ ಸಿಕ್ಕಿದ ಮಗುವಿನದು.

ನಾನು ಮೇನಕಾ. ಹುಟ್ಟಿದ್ದು ಆನೇಕಲ್ಲಿನಲ್ಲಿ, ಮದುವೆಯಾಗಿ ಬಂದದ್ದು ಸೇಲಂ ಊರೊಳಗಿನ ಈ ನೇಕಾರರ ಬೀದಿಗೆ. ಇಲ್ಲಿ ಮನೆಮನೆಯಲ್ಲೂ ಕನ್ನಡ ಮಾತಾಡುತ್ತಾರೆ, ಓದಲು ಮಾತ್ರ ಯಾರಿಗೂ ಬರುವುದಿಲ್ಲ. ಆದ್ದರಿಂದ ವೆಂಕಟಾಚಲಣ್ಣನ ಬಗ್ಗೆ ನಾನು ಏನು ಬರೆದರೂ ಅದು ಅವರ ಕಣ್ಣಿಗೆ ಬೀಳುವ ಭಯವಿಲ್ಲ. ಬಿದ್ದರೂ ಅವರು ಬೇಜಾರು ಮಾಡಿಕೊಳ್ಳುವವರಲ್ಲ. ಈ ಅಕ್ಷರ ಯಾಕೆ ಹೀಗೆ ಸುತ್ತಿಕೊಂಡಿದೆ ಎಂದು ಕೇಳಿಕೊಂಡು ಬರುತ್ತಾರೆ ಅಷ್ಟೇ.

ಅವರ ಕಸುಬು ಪಾವಿಗೆ ಗಂಜಿ ಹಾಕುವುದು. ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ನೂಲು. ನಮ್ಮ ಕಡೆ ಹಾಸು ಎನ್ನುತ್ತಾರೆ. ನೇಯುವಾಗ ಉಜ್ಜಿ ಉಜ್ಜಿ ಅದು ಹರಿಯಬಾರದೆಂದು, ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಬಿದಿರಿನ ಕವೆಗಳ ಮೇಲೆ ಎಳೆದು ಕಟ್ಟಿ, ಅಕ್ಕಿ ಗಂಜಿಯನ್ನು ಸವರಿ, ದೊಡ್ಡ ಬ್ರಷ್ಷಿನಿಂದ ತೀಡಿ, ಬಿಸಿಲಿಗೆ ಒಣಗಿಸುತ್ತಾರೆ. ಪವರ್‌ಲೂಮಿನವರಿಗೆ ಈ ರಗಳೆ ಇಲ್ಲ, ಗಂಜಿ ಹಾಕಿದ ನೂಲೇ ಲಾರಿಯಲ್ಲಿ ಬರುತ್ತದೆ. ಕೈಮಗ್ಗ ಉಳಿಸಿಕೊಂಡಿರುವ ಕೆಲವು ಮನೆಗಳಿಗೆ ಮಾತ್ರ ವೆಂಕಟಾಚಲಣ್ಣನೇ ಬೇಕು. ಗಂಜಿಯನ್ನು ಬೆರಳುಗಳ ನಡುವೆ ಉಜ್ಜಿ, ನಾಲಿಗೆಯ ತುದಿಗೆ ಮುಟ್ಟಿಸಿ, ಹುಳಿ ಬಂದಿದೆಯೋ ಇಲ್ಲವೋ ನೋಡಿ, ನೂಲಿಗೆ ತಕ್ಕ ಹದವನ್ನು ಅವರು ಹೇಳಿಬಿಡುತ್ತಾರೆ. ನೂಲು ನುಣ್ಣಗೆ ಜಾರಲೆಂದು ಅದಕ್ಕೆ ಒಂದಿಷ್ಟು ಕಡಲೆಕಾಯಿ ಎಣ್ಣೆಯನ್ನೂ ಬೆರೆಸುತ್ತಾರೆ.

ಈ ಬೀದಿಯಲ್ಲಿ ಒಂದು ಕಟ್ಟಳೆ ಇದೆ. ಪಾವಿಗೆ ಹಾಕಿ ಮಿಕ್ಕ ಗಂಜಿಯನ್ನು ಮೋರಿಗೆ ಚೆಲ್ಲಬಾರದು. ಕುಲದೇವತೆ ತಾಯಿ ಚೌಡೇಶ್ವರಿಯ ನೂಲಿಗೆ ಮುಟ್ಟಿಸಿದ ಅನ್ನ ಅದು. ಯಾವುದಾದರೂ ಜೀವದ ಹೊಟ್ಟೆಗೆ ಹೋಗಬೇಕು. ಮೊದಲೆಲ್ಲ ಬೀದಿಯಲ್ಲಿ ಹಸುಗಳಿದ್ದವು, ಕುಡಿಯುತ್ತಿದ್ದವು. ಈಗ ಹಸುಗಳಿಲ್ಲ, ಕಟ್ಟಳೆ ಹಾಗೇ ಇದೆ. ಅಂಥ ಹೊತ್ತಿಗೆ ವೆಂಕಟಾಚಲಣ್ಣನ ಮನೆಗೆ ಒಂದು ಆಡು ಬಂತು.

ಆಡು ಬಂದದ್ದು ಅವರ ಅಕ್ಕನ ಜೊತೆ. ಅಕ್ಕನ ಹೆಸರು ನಾರಾಯಣಮ್ಮ. ಮಾರಂಡಹಳ್ಳಿಗೆ ಕೊಟ್ಟಿದ್ದರು. ಅಲ್ಲಿ ಗಂಡನ ಕಾಲಕ್ಕೇ ಮಗ್ಗ ನಿಂತುಹೋಗಿ, ರಾಗಿ ಹೊಲ ಮತ್ತು ಆಡುಗಳು ಉಳಿದವು. ಗಂಡನೂ ಹೋದ ಮೇಲೆ ಅಕ್ಕ ಆಡುಗಳ ಜೊತೆ ಗಟ್ಟಿಯಾಗಿ ಬಾಳಿಕೊಂಡಿದ್ದರು. ಮಕ್ಕಳಿಲ್ಲ. ತಾಯಿ ಬೇಗ ತೀರಿಕೊಂಡಿದ್ದರಿಂದ ವೆಂಕಟಾಚಲಣ್ಣನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಈ ಅಕ್ಕನೇ. ಆ ಸೊಂಟವೇ ಮುರಿಯಿತು. ಆಡಿನ ಕೊಟ್ಟಿಗೆಯಲ್ಲಿ ಜಾರಿ ಬಿದ್ದರು, ಸೇಲಂ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆಮೇಲೆ ತಮ್ಮನ ಮನೆ. "ಕರುಪ್ಪಿ ಬಂದ್ರೇನೇ ನಾನೂ ಬರಾದು" ಎಂದು ಅಕ್ಕ ಹಟ ಹಿಡಿದರು. ಮಿಕ್ಕ ಆಡುಗಳನ್ನು ನೆಂಟರ ಮನೆಗೆ ಬಿಟ್ಟು, ಹಾಲು ಕೊಡುತ್ತಿದ್ದ ಕರುಪ್ಪಿ ಎಂಬ ಈ ಕಪ್ಪು ಆಡನ್ನು ಅಲ್ಲಿಗೆ ಹತ್ತಿರದ ಪಾಲಕೋಡಿನಿಂದ ಟೊಮೇಟೊ ಹೊತ್ತು ಬರುವ ವ್ಯಾನಿನಲ್ಲಿ ಹತ್ತಿಸಿ ತರಲಾಯಿತು. ಅದು ಇಳಿದಾಗ ಬಾಯಿ ತುಂಬ ಟೊಮೇಟೊ ಇತ್ತು.

ಅಕ್ಕನ ಮಂಚವನ್ನು ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಹಾಕಿದರು, ಕಿಟಕಿಯ ಹೊರಗೆ ಜಗಲಿಯ ಪಕ್ಕದಲ್ಲಿ ಕರುಪ್ಪಿಯನ್ನು ಕಟ್ಟಿದರು. ಆಪರೇಷನ್ ಮಾಡಿದ ಡಾಕ್ಟರು ವಾಕರ್ ಹಿಡಿದು ನಡೆಯಲೇಬೇಕು ಎಂದು ಹೇಳಿದ್ದರು. ಅಕ್ಕ ಒಂದೇ ಒಂದು ಸಲ ಎದ್ದರು, ಕಿರುಚಿಕೊಂಡು ಕೂತರು, ಆಮೇಲೆ ಏಳಲಿಲ್ಲ. "ಕಾಲು ನನ್ನ ಮಾತು ಕೇಳಾಕಿಲ್ಲ, ಬುಡ್ರಪ್ಪ" ಎಂದು ಗೋಡೆ ಕಡೆ ಮುಖ ತಿರುಗಿಸಿದರು. ವಾಕರ್ ಮೂಲೆ ಸೇರಿತು. ವೆಂಕಟಾಚಲಣ್ಣನ ಹೆಂಡತಿ ರಮಾಮಣಿ ಅದರ ಮೇಲೆ ಟವೆಲು ಒಣಹಾಕತೊಡಗಿದರು. ಮತ್ತೆ ತೋರಿಸಲು ಹೋದಾಗ ಡಾಕ್ಟರು ಬಿಡಿಸಿ ಹೇಳಿದರು: ಹೀಗೇ ಮಲಗಿದ್ದರೆ ಕೀಲು ಬಿಗಿದುಕೊಳ್ಳುತ್ತದೆ, ಆಮೇಲೆ ಯಾರಿಂದಲೂ ನಡೆಸಲು ಆಗುವುದಿಲ್ಲ, ಈ ತಿಂಗಳೇ ಎದ್ದರೆ ಎದ್ದ ಹಾಗೆ.

ಆ ದಿನ ವೆಂಕಟಾಚಲಣ್ಣ ನಮ್ಮ ಮನೆ ಬಾಗಿಲಲ್ಲಿ ನಿಂತುಕೊಂಡು, "ಅಮ್ಮಾ ಮೇನಕಾ, ಅಕ್ಕಂಗೆ ಬಲ ಇಲ್ಲ. ಬಲ ಬಂದ್ರೆ ಎದ್ದೇ ಏಳ್ತಾಳೆ" ಅಂದರು. ಅಕ್ಕ ಬಾಯಿಗಿಡುತ್ತಿದ್ದದ್ದು ರಾಗಿ ಅಂಬಲಿ, ಅದಕ್ಕೆ ಬೆರೆಸಿದ ಕರುಪ್ಪಿಯ ಹಾಲು, ಅಷ್ಟೇ. ಪ್ಯಾಕೆಟ್ ಹಾಲು ಮುಟ್ಟುತ್ತಿರಲಿಲ್ಲ. ಹಾಗಾಗಿ ಅಣ್ಣನ ಲೆಕ್ಕ ಸರಳವಾಗಿತ್ತು: ಅಕ್ಕನಿಗೆ ಬಲ ಬೇಕು, ಬಲಕ್ಕೆ ಹಾಲು ಬೇಕು, ಹಾಲಿಗೆ ಕರುಪ್ಪಿ ಚೆನ್ನಾಗಿ ತಿನ್ನಬೇಕು. ನೂಲಿಗೆ ಬಲ ಕೊಡುವುದು ಗಂಜಿ ಎಂದು ಗೊತ್ತಿದ್ದ ಮನುಷ್ಯ, ಆಡಿಗೆ ಏನು ಕೊಡಬೇಕೆಂದು ಇನ್ನೊಬ್ಬರನ್ನು ಕೇಳುತ್ತಾರೆಯೇ?

ಮಾರಂಡಹಳ್ಳಿಯಲ್ಲಿ ಕರುಪ್ಪಿ ಬೇಲಿ ಬೇಲಿ ಅಲೆದು ಜಾಲಿ, ಬೇವು, ಹುಣಸೆ ಸೊಪ್ಪು ಮೇಯ್ದು ಬೆಳೆದದ್ದು. ಇಲ್ಲಿ ಮಾರುಕಟ್ಟೆಯಿಂದ ತಂದ ಅಗಸೆ ಸೊಪ್ಪಿನ ಕಟ್ಟು, ಒಂದಿಷ್ಟು ಒಣ ಕಡಲೆಕಾಯಿ ಬಳ್ಳಿ. ಅದರ ಜೊತೆಗೆ ಪಾವಿನ ಗಂಜಿ ಶುರುವಾಯಿತು. ಗಂಜಿಯಲ್ಲಿ ಮೆಕ್ಕೆಜೋಳದ ಹಿಟ್ಟು ಕಲಸಿದರು. ಆಡು ಬಾಲ ಅಲ್ಲಾಡಿಸಿಕೊಂಡು ಕುಡಿಯಿತು. ಕೆಲವೇ ದಿನಗಳಲ್ಲಿ ಹಾಲು ಏರಿತು. ಕರೆಯುವ ಚೊಂಬು ಸಾಲದೆ ರಮಾಮಣಿ ದೊಡ್ಡದನ್ನು ಹುಡುಕಿ ತೊಳೆದಿಟ್ಟರು. ಅಣ್ಣ ಬೀದಿಯಲ್ಲಿ ಸಿಕ್ಕವರಿಗೆಲ್ಲ ಇದನ್ನು ಹೇಳಿದರು. ನನಗೆ ಮೂರು ಸಲ ಹೇಳಿದರು.

ಹಾಲು ಹೆಚ್ಚಿತು ನಿಜ, ಆದರೆ ಅಕ್ಕನಿಗೆ ಅದು ಹಿಡಿಸಲಿಲ್ಲ. ಒಂದು ಬೆಳಗ್ಗೆ ನಾನು ಅಲ್ಲೇ ಇದ್ದೆ. ಅಕ್ಕ ಒಂದು ಗುಟುಕು ಕುಡಿದು ಲೋಟವನ್ನು ಕಿಟಕಿಯ ಮೇಲೆ ಕುಕ್ಕಿದರು.

"ಏನ್ಲಾ ಇದು? ನನ್ ಆಡಿನ ಹಾಲಿಗೆ ನೀರು ಬೆರ್ಸಿ ನಂಗೇ ತಂದ್ಕೊಡ್ತೀರಾ?"

ಒಳಗಿನಿಂದ ರಮಾಮಣಿ ಸೌಟು ಹಿಡಿದುಕೊಂಡೇ ಬಂದರು. "ಅತ್ತಿಗೆ, ನಾನು ನೀರು ಬೆರ್ಸೋಳಾ? ಚೌಡಮ್ಮನ ಆಣೆ!"

"ಆಣೆ ಯಾಕಮ್ಮ ಆಕ್ತೀಯ, ನನ್ ನಾಲ್ಗೆ ಸುಳ್ಳೇಳ್ತೈತಾ?"

ಜಗಳ ಜೋರಾಗುವುದರಲ್ಲಿತ್ತು. ವೆಂಕಟಾಚಲಣ್ಣ ಇಬ್ಬರ ನಡುವೆ ನಿಂತವರು ಯಾರ ಪರವೂ ಮಾತಾಡಲಿಲ್ಲ. ಅವರ ಕಣ್ಣು ಲೋಟದ ಮೇಲಿತ್ತು. ಹೆಂಡತಿ ಅಳುತ್ತಿರುವಾಗ ಲೋಟ ನೋಡುವ ಗಂಡಸನ್ನು ಏನು ಮಾಡಬೇಕು ಹೇಳಿ. ಅವರು ಸರಸರನೆ ಮಗ್ಗದ ಕೋಣೆಗೆ ಹೋಗಿ ನಮ್ಮನ್ನೂ ಕರೆದರು.

ಅಲ್ಲಿ ತೊಲೆಗೆ ಒಂದು ದಾರ ಕಟ್ಟಿ, ಅದರಿಂದ ಬಿಳಿ ನೂಲಿನ ತುಂಡುಗಳನ್ನು ಸಾಲಾಗಿ ಇಳಿಬಿಟ್ಟಿದ್ದರು. ಕಂಡ ಕಂಡ ದ್ರವಕ್ಕೆಲ್ಲ ನೂಲು ಅದ್ದಿ ಒಣಗಿಸಿ ನೋಡುವುದು ಅವರ ಹಳೆಯ ಚಾಳಿ. ಕಾಫಿಗೂ ಅದ್ದುತ್ತಾರೆ. ಕರುಪ್ಪಿ ಬಂದ ದಿನದಿಂದ ಅದರ ಹಾಲಿಗೂ ದಿನಕ್ಕೊಂದು ನೂಲು ಅದ್ದಿ ತೂಗುಬಿಟ್ಟಿದ್ದರು, ಯಾಕೆ ಎಂದು ಕೇಳಿದರೆ ಸುಮ್ಮನೆ ಎನ್ನುತ್ತಾರೆ.

"ಮುಟ್ಟಿ ನೋಡಮ್ಮ," ಅಂದರು ನನಗೆ.

ಮುಟ್ಟಿದೆ. ಮೊದಮೊದಲಿನ ನೂಲುಗಳು ಬಿಗಿಯಾಗಿದ್ದವು, ಬೆರಳಿಗೆ ಜಿಡ್ಡು ಹತ್ತಿತು. ಈಚಿನವೂ ಅಷ್ಟೇ ಬಿಗಿ, ಆದರೆ ಬೆರಳು ಒಣಗಿತ್ತು, ಜಿಡ್ಡೇ ಇಲ್ಲ.

"ನೀರು ಬೆರ್ಸಿದ್ರೆ ಬಿಗೀನೂ ಕಮ್ಮಿ ಆಗ್ಬೇಕಿತ್ತಲ್ಲ," ಅಂದರು ಅಣ್ಣ. "ಬಿಗಿ ಅಂಗೇ ಐತೆ. ಜಿಡ್ಡು ಮಾತ್ರ ಓಗೈತೆ. ನೀರಲ್ಲ ಇದು. ಕರುಪ್ಪಿ ಒಳಗೇ ಏನೋ ಆಗ್ತೈತೆ."

ನನಗೆ ಆಶ್ಚರ್ಯವಾಯಿತು, ಒಪ್ಪಿಕೊಳ್ಳುತ್ತೇನೆ. ರಮಾಮಣಿ ಕಣ್ಣೊರೆಸಿಕೊಂಡು ಅತ್ತಿಗೆಗೆ ಕೇಳುವ ಹಾಗೆ, "ನೋಡಿದ್ರಾ?" ಅಂದರು. ಆದರೆ ಅಲ್ಲಿಗೆ ನಿಲ್ಲಿಸಿದ್ದರೆ ಅವರು ವೆಂಕಟಾಚಲಣ್ಣನೇ ಅಲ್ಲ. ಹಾಲು ಯಾಕೆ ಹೆಚ್ಚಿತು, ಜಿಡ್ಡು ಯಾಕೆ ಹೋಯಿತು ಎಂದು ಇಡೀ ದಿನ ತಲೆ ಕೆರೆದುಕೊಂಡು, ಸಂಜೆಯ ಹೊತ್ತಿಗೆ ತಮಗೆ ಗೊತ್ತಿದ್ದ ಕಸುಬಿನಿಂದಲೇ ಉತ್ತರ ತೆಗೆದರು. ಪಾವಿನ ನೂಲು ಒಣಕಲಾದರೆ ಏನು ಮಾಡುತ್ತೇವೆ? ಗಂಜಿಗೆ ಎಣ್ಣೆ ಹೆಚ್ಚಿಸುತ್ತೇವೆ. ಮಾರನೆಯ ದಿನದಿಂದ ಕರುಪ್ಪಿಯ ಗಂಜಿಗೂ ಕಡಲೆಕಾಯಿ ಎಣ್ಣೆ ಬಿತ್ತು. ಹಾಲು ಇನ್ನೂ ತೆಳ್ಳಗಾಯಿತು. ಇನ್ನೊಂದಿಷ್ಟು ಗಂಜಿ, ಇನ್ನೊಂದಿಷ್ಟು ಎಣ್ಣೆ. ಅಕ್ಕ ಅರ್ಧ ಲೋಟಕ್ಕೆ ಇಳಿದರು, ಕಾಲು ಹಾಗೇ ಬಿದ್ದಿತ್ತು, ಡಾಕ್ಟರು ಹೇಳಿದ ತಿಂಗಳು ಕರಗುತ್ತಿತ್ತು.

ಆಡು ತನಗೆ ತಿಳಿದ ರೀತಿಯಲ್ಲಿ ಹೇಳುತ್ತಲೇ ಇತ್ತು. ಒಣ ಬಳ್ಳಿಯನ್ನು ಮೂಸಿ ಬಿಡುತ್ತಿತ್ತು. ಗೋಲಿಯಂತೆ ಉದುರಬೇಕಾದ ಹಿಕ್ಕೆ ಮುದ್ದೆಯಾಗಿ ಬೀಳುತ್ತಿತ್ತು. ಜಗಲಿ ತೊಳೆಯುವ ರಮಾಮಣಿ ಗೊಣಗಿದರು, ಅಣ್ಣ ಅದನ್ನೂ ಕಡ್ಡಿಯಿಂದ ಕೆದಕಿ ನೋಡಿ, "ಇದೇನು ಇಂಗೆ?" ಎಂದು ತಲೆ ಅಲ್ಲಾಡಿಸಿದರು. ತಿಳಿಯುವ ಆಸೆ ಬೆಟ್ಟದಷ್ಟಿತ್ತು, ನಿಲ್ಲಿಸುವ ಬುದ್ಧಿ ಬರಲಿಲ್ಲ.

ಆಮೇಲೆ ಬಂತು ಆ ಮಳೆಯ ದಿನ. ಮದುವೆ ಸೀರೆಗೆಂದು ಒಂದು ದೊಡ್ಡ ಪಾವು ಬಂದಿತ್ತು. ಬೀದಿಯಲ್ಲಿ ನೂಲು ಎಳೆದು ಕಟ್ಟಿದ್ದರು, ದೊಡ್ಡ ಹಂಡೆಯ ತುಂಬ ಗಂಜಿ ತಯಾರಾಗಿತ್ತು, ಆಕಾಶ ಸ್ವಚ್ಛವಾಗಿತ್ತು. ಸವರಲು ಶುರುಮಾಡುತ್ತಿದ್ದಂತೆಯೇ ಎಲ್ಲಿತ್ತೋ ಮೋಡ, ಹನಿ ಬಿತ್ತು. ಬೀದಿಯ ಮನೆಗಳವರೆಲ್ಲ ಓಡಿಬಂದು ನೂಲನ್ನು ಸುತ್ತಿ ಒಳಗೆ ಹಾಕಿದೆವು. ನೂಲು ಉಳಿಯಿತು. ಗಂಜಿಯ ಹಂಡೆ ತುಂಬಿದ ಹಾಗೇ ಜಗಲಿಯ ಮೇಲೆ ಉಳಿಯಿತು.

ಮೋರಿಗೆ ಚೆಲ್ಲುವಂತಿಲ್ಲ. ನಮ್ಮ ಮನೆಗೆ ಒಂದು ಪಾತ್ರೆ ಕೊಟ್ಟರು, ನಾನು ಏನು ಮಾಡಲಿ ಎಂದು ವಾಪಸು ಕೊಟ್ಟೆ. ಕರುಪ್ಪಿ ಕತ್ತು ಚಾಚುತ್ತಿತ್ತು. ವೆಂಕಟಾಚಲಣ್ಣ ಹಂಡೆಯನ್ನೇ ಅದರ ಮುಂದೆ ಎಳೆದಿಟ್ಟರು. ಅದು ಮೂತಿ ಮುಳುಗಿಸಿ ಕುಡಿಯಿತು, ಉಸಿರೆಳೆದುಕೊಂಡಿತು, ಮತ್ತೆ ಕುಡಿಯಿತು. ಅಣ್ಣ ಪಕ್ಕದಲ್ಲಿ ಕೂತು ಎಷ್ಟು ಹಿಡಿಯುತ್ತದೆ ಎಂದು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ, ನನಗೂ ತಮಾಷೆಯಾಗಿತ್ತು.

ಮಧ್ಯಾಹ್ನ ಕಳೆದ ಮೇಲೆ ಅಕ್ಕನ ದನಿ ಬೀದಿಗೆಲ್ಲ ಕೇಳಿಸಿತು. "ಲೇ ವೆಂಕಟಾಚಲ! ಕರುಪ್ಪಿ ಬಾಯಿ ಆಡಿಸ್ತಿಲ್ಲ ಕಣ್ಲಾ! ಮೆಲುಕೇ ಇಲ್ಲ! ಏನಾಯ್ತು ನೋಡು!"

ಹೋಗಿ ನೋಡಿದರೆ ಕರುಪ್ಪಿ ನಾಲ್ಕು ಕಾಲೂ ಒಟ್ಟಿಗೆ ಇಟ್ಟು, ಬೆನ್ನು ಗೂನು ಮಾಡಿ ನಿಂತಿತ್ತು. ಹೊಟ್ಟೆಯ ಎಡಭಾಗ ಉಬ್ಬಿತ್ತು. ಹಲ್ಲು ಕರಕರ ಕಡಿಯುತ್ತಿತ್ತು. ಬಾಯಿಯಿಂದ ಹುಳಿ ವಾಸನೆ. ನೋಡುತ್ತಿದ್ದಂತೆ ಮುಂಗಾಲು ಮಡಚಿ ಮಲಗಿಬಿಟ್ಟಿತು.

ಅಕ್ಕನ ತೀರ್ಮಾನ ತಕ್ಷಣ ಬಂತು: ದೃಷ್ಟಿ. ಹಾಲು ಹೆಚ್ಚಾಯಿತು ಎಂದು ವೆಂಕಟಾಚಲ ಬೀದಿಗೆಲ್ಲ ಸಾರಿದ್ದರಿಂದ ಯಾವಳೋ ಕಣ್ಣು ಹಾಕಿದ್ದಾಳೆ. ಹಾಗೆ ಹೇಳುವಾಗ ಅವರು ನನ್ನ ಕಡೆ ನೋಡಿದ್ದು ನನಗೆ ಕಂಡಿತು. ರಮಾಮಣಿ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು, ನಾವೆಲ್ಲ ಕೆಮ್ಮಿದೆವು, ಆಡು ಮಲಗಿಯೇ ಇತ್ತು. ನಾನು ಮನೆಗೆ ಬಂದು ದನದ ಡಾಕ್ಟರಿಗೆ ಫೋನ್ ಮಾಡಿದೆ.

ಡಾಕ್ಟರು ಪೂಂಗೊಡಿ ಸ್ಕೂಟರಿನಲ್ಲಿ ಬಂದರು. ತಮಿಳಿನವರು, ಚಿಕ್ಕ ವಯಸ್ಸು, ದೊಡ್ಡ ಬ್ಯಾಗು. ಆಡಿನ ಎಡ ಪಕ್ಕೆಗೆ ಮುಷ್ಟಿ ಒತ್ತಿ ಅಲ್ಲಾಡಿಸಿದರು. ಒಳಗೆ ಕೊಡದಲ್ಲಿ ನೀರು ಕುಲುಕಿದಂತೆ ಸದ್ದಾಯಿತು. ಬಾಯಿ ಮೂಸಿದರು. "ಎನ್ನ ಸಾಪ್ಟುಚ್ಚು?" ಎಂದು ಕೇಳಿದರು, ಏನು ತಿಂತು ಎಂದು. ವೆಂಕಟಾಚಲಣ್ಣ ಏನನ್ನೂ ಮುಚ್ಚಿಡಲಿಲ್ಲ. ಗಂಜಿ, ಹಿಟ್ಟು, ಎಣ್ಣೆ, ಕೊನೆಗೆ ಹಂಡೆಯನ್ನೂ ತೋರಿಸಿದರು. ಡಾಕ್ಟರು ಹಂಡೆಯನ್ನು ನೋಡಿದರು, ಅಣ್ಣನನ್ನು ನೋಡಿದರು, ಬೈಯಲಿಲ್ಲ. ಅಡುಗೆ ಸೋಡಾ ತರಿಸಿ ನೀರಿನಲ್ಲಿ ಕರಗಿಸಿ, ಆಡಿನ ತಲೆ ಎತ್ತಿ ಹಿಡಿಸಿ, ಉಸಿರಿಗೆ ಹೋಗದಂತೆ ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ಒಂದು ಸೂಜಿ ಹಾಕಿದರು. ಬದುಕುತ್ತದೆಯೇ ಎಂದು ರಮಾಮಣಿ ಕೇಳಿದ್ದಕ್ಕೆ, "ಈಗಲೇ ಹೇಳಲಾರೆ" ಅಂದರು. ಕಿಟಕಿಯೊಳಗೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು.

ಆಮೇಲೆ ಅಣ್ಣನ ಪ್ರಶ್ನೆಗಳು ಶುರುವಾದವು. ಡಾಕ್ಟರು ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದುಕೊಂಡೇ ಉತ್ತರ ಕೊಟ್ಟರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಆಡಿನ ದೊಡ್ಡ ಹೊಟ್ಟೆಯ ತುಂಬ ಕಣ್ಣಿಗೆ ಕಾಣದ ಜೀವಗಳಿವೆ. ನಾವು ಮೇವು ಹಾಕುವುದು ನಿಜವಾಗಿ ಅವಕ್ಕೆ. ಅವು ಮೇವನ್ನು ಮುರಿದು ಕೊಟ್ಟದ್ದರಲ್ಲಿ ಆಡು ಬದುಕುತ್ತದೆ. ಅದರಲ್ಲಿ ನಾರು ತಿನ್ನುವವು ಬೇರೆ, ಗಂಜಿ ತಿನ್ನುವವು ಬೇರೆ. ಹಾಲಿನ ಜಿಡ್ಡಿಗೆ ಬೇಕಾದದ್ದು ಹೆಚ್ಚಾಗಿ ನಾರು ತಿನ್ನುವವುಗಳಿಂದ ಬರುತ್ತದೆ. ಗಂಜಿಯಿಂದ ಹಾಲಿನ ಅಳತೆ ಏರುತ್ತದೆ, ಜಿಡ್ಡು ಏರುವುದಿಲ್ಲ. ಗಂಜಿ ಮಿತಿಮೀರಿದರೆ ಗಂಜಿ ತಿನ್ನುವವು ಮಿತಿಮೀರಿ ಹೆಚ್ಚಿ ಹೊಟ್ಟೆಯನ್ನೆಲ್ಲ ಹುಳಿ ಮಾಡುತ್ತವೆ. ಆ ಹುಳಿಯಲ್ಲಿ ನಾರು ತಿನ್ನುವವು ಸಾಯುತ್ತವೆ. ಎಣ್ಣೆಯೂ ಅವಕ್ಕೆ ಒಗ್ಗುವುದಿಲ್ಲ.

"ಹುಳಿ," ಅಂದರು ಅಣ್ಣ, ತಮಗೇ ಹೇಳಿಕೊಂಡಂತೆ. "ಗಂಜಿ ಇಟ್ಟಿದ್ರೆ ಹುಳಿ ಬರ್ತೈತೆ. ಅದು ನಂಗೆ ಗೊತ್ತಿತ್ತು. ಒಟ್ಟೆ ಒಳಗೂ ಬರ್ತೈತೆ ಅಂತ ಯೋಚ್ನೆ ಬರ್ಲಿಲ್ವೇ!" ಮತ್ತೆ ಕೇಳಿದರು: "ಮತ್ತೆ ಮೆಲುಕು ಯಾಕೆ ನಿಂತೋಯ್ತು ಡಾಕ್ಟ್ರಮ್ಮ?"

ಆಡು ಮೆಲುಕು ಹಾಕಿದಷ್ಟೂ ಜೊಲ್ಲು ಇಳಿಯುತ್ತದೆ, ಆ ಜೊಲ್ಲೇ ಅದಕ್ಕೆ ಅಡುಗೆ ಸೋಡಾ ಎಂದರು ಡಾಕ್ಟರು. ಒಣ ಬಳ್ಳಿಯನ್ನು ಅಗಿಯಬೇಕು, ಗಂಜಿಯನ್ನು ಅಗಿಯುವಂತಿಲ್ಲ. ಅಗಿತ ಇಲ್ಲದೆ ಜೊಲ್ಲಿಲ್ಲ, ಜೊಲ್ಲಿಲ್ಲದೆ ಹುಳಿ ಮುರಿಯುವುದಿಲ್ಲ. ಗಂಜಿ ವಿಷವೇನಲ್ಲ, ಮೊದಲು ಒಣ ಮೇವು ತಿನ್ನಿಸಿ, ಆಮೇಲೆ ಒಂದು ಬೊಗಸೆ ಕೊಟ್ಟರೆ ಒಳ್ಳೆಯದೇ. ಏನನ್ನು ಹೆಚ್ಚಿಸಿದರೂ ನಿಧಾನವಾಗಿ ಹೆಚ್ಚಿಸಬೇಕು. ಇದೆಲ್ಲ ಕೇಳುತ್ತ ಅಣ್ಣನ ಮುಖ ಅರಳಿತು, ಮಲಗಿದ್ದ ಆಡಿನ ಮೇಲೆ ಕಣ್ಣು ಬಿದ್ದು ಬಾಡಿತು. ತಿಳಿದ ಸಂತೋಷವೂ ಮಾಡಿದ ಕೆಲಸದ ಸಂಕಟವೂ ಒಂದೇ ಮುಖದಲ್ಲಿ ಬಂದು ಹೋಗುವುದನ್ನು ನಾನು ನೋಡಿದೆ.

ಹೊರಡುವ ಮುಂಚೆ ಡಾಕ್ಟರು ಒಂದು ಮಾತು ಹೇಳಿದರು. ಒಳಗಿನ ಜೀವಗಳು ಸತ್ತಿವೆ, ಹೊಸದಾಗಿ ಬಿತ್ತಬೇಕು. ಆರೋಗ್ಯವಾದ ಇನ್ನೊಂದು ಆಡಿನ ಹೊಟ್ಟೆಯ ರಸ ಬಿಸಿಯಾಗಿರುವಾಗಲೇ ಕುಡಿಸಿದರೆ ದಾರಿ ಇದೆ. ನಾಳೆ ಭಾನುವಾರ, ಮಾಂಸದ ಅಂಗಡಿಯಲ್ಲಿ ಸಿಗುತ್ತದೆ.

ಎಲ್ಲರೂ ಅಣ್ಣನ ಕಡೆ ತಿರುಗಿದೆವು. ವೆಂಕಟಾಚಲಣ್ಣ ಜನಿವಾರ ಹಾಕಿದ ದೇವಾಂಗದವರು, ಮೊಟ್ಟೆಯನ್ನೂ ಮುಟ್ಟದ ಮನೆ. ಬೀದಿ ಕೊನೆಯಲ್ಲಿರುವ ಇಳಂಗೋನ ಮಾಂಸದ ಅಂಗಡಿಯನ್ನು ದಾಟಬೇಕಾದರೆ ಆಚೆ ಬದಿಗೆ ಹೋಗಿ ಮೂಗಿಗೆ ಟವೆಲು ಹಿಡಿಯುವವರು. ನಾನೇ, "ನಮ್ಮ ಯಜಮಾನ್ರನ್ನ ಕಳಿಸ್ಲಾ ಅಣ್ಣ?" ಎಂದು ಕೇಳಿದೆ. "ಬ್ಯಾಡಮ್ಮ. ಅಂಡೆ ಇಟ್ಟೋನು ನಾನು," ಅಂದರು.

ಬೆಳಗ್ಗೆ ಸ್ನಾನ ಮಾಡಿ, ಹಿತ್ತಾಳೆ ಕೊಡಪಾನ ಹಿಡಿದು ಹೊರಟರು. ನಾನು ಹಿಂದೆಯೇ ಹೋದೆ, ಕುತೂಹಲ ನನಗೂ ಇದೆ. ಇಳಂಗೋಗೆ ನಂಬಿಕೆಯೇ ಆಗಲಿಲ್ಲ. "ಅಣ್ಣೇ, ನೀಂಗಳಾ?" ಎಂದು ಕೈಯಲ್ಲಿದ್ದ ಕತ್ತಿಯನ್ನು ಹಿಂದಕ್ಕೆ ಮರೆಮಾಡಿದ. ವಿಷಯ ತಿಳಿದ ಮೇಲೆ ಅವನೇ ಆಗಷ್ಟೇ ತೆಗೆದಿಟ್ಟ ಹೊಟ್ಟೆಯನ್ನು ಸೀಳಿದ. ಹಸಿರು ಮೇವಿನ ರಾಶಿ, ಅದರಿಂದ ಏಳುತ್ತಿದ್ದ ಹಬೆ. ಅಣ್ಣ ಟವೆಲನ್ನು ಮೂಗಿಗೆ ಒಯ್ದರು. ಆಮೇಲೆ ಏನನ್ನಿಸಿತೋ, ಟವೆಲು ಕೆಳಗಿಳಿಸಿ ಬಗ್ಗಿ ನೋಡಿದರು. ಮೂಸಿದರು. ಎರಡು ಬೆರಳ ನಡುವೆ ಒಂದಿಷ್ಟು ತೆಗೆದು ಉಜ್ಜಿದರು.

"ಹುಳಿ ಇಲ್ಲ," ಅಂದರು ನನಗೆ. "ಉಲ್ಲಿನ ವಾಸ್ನೆ. ಒಳಗೆ ಇಂಗಿರ್ಬೇಕಮ್ಮ!"

ಸೋಸಲು ಬಟ್ಟೆ ಬೇಕಿತ್ತು. ಹೆಗಲ ಮೇಲಿದ್ದದ್ದು ಅವರ ಮಗ್ಗದಲ್ಲೇ ನೇಯ್ದ ಟವೆಲು, ಅದನ್ನೇ ಕೊಡಪಾನದ ಬಾಯಿಗೆ ಕಟ್ಟಿ, ಮೇವನ್ನು ಕೈಯಾರೆ ಹಿಂಡಿದರು. ಬೀದಿಯ ಹೆಂಗಸರು ನೋಡುತ್ತಿದ್ದರು. ಅಣ್ಣ ಕೊಡಪಾನವನ್ನು ಎದೆಗೆ ಒತ್ತಿಕೊಂಡು, ಅದು ತಣ್ಣಗಾಗುವ ಮೊದಲು ಮುಟ್ಟಬೇಕೆಂದು ಓಡುತ್ತ ಬಂದರು.

ಪೂಂಗೊಡಿ ಡಾಕ್ಟರು ಕಾಯುತ್ತಿದ್ದರು. ಕೊಳವೆ ಹಾಕಿ ರಸ ಕುಡಿಸಿದರು. ಕರುಪ್ಪಿ ಕಣ್ಣು ಬಿಟ್ಟು ಮುಚ್ಚಿತು. "ಎಬ್ಬಿಸಿ, ನಡೆಸಿ. ಮಲಗಿದ್ದರೆ ಒಳಗಿನ ಮೇವು ಕದಲಿ ಹೊಟ್ಟೆ ತಿರುಗುವುದಿಲ್ಲ," ಅಂದರು. ಅಣ್ಣ ಕೊಂಬು ಹಿಡಿದರು, ಡಾಕ್ಟರು ಬಾಲದ ಬುಡಕ್ಕೆ ಕೈ ಕೊಟ್ಟರು, ನಾನು ಹೊಟ್ಟೆಯ ಕೆಳಗೆ ಕೈ ಹಾಕಿದೆ. ಎತ್ತಿ ನಿಲ್ಲಿಸಿದರೆ ಮೂಟೆಯಂತೆ ಕುಸಿಯಿತು. ಅಗಸೆ ಸೊಪ್ಪು ತೋರಿಸಿದೆವು, ತಿರುಗಿ ನೋಡಲಿಲ್ಲ. ಮತ್ತೆ ಎತ್ತಿದೆವು, ಮತ್ತೆ ಕುಸಿಯಿತು. ಅಣ್ಣ ನೆಲದ ಮೇಲೆ ಕೂತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಇದು ಓದ್ರೆ ಅಕ್ಕ ಎದ್ದೇಳಲ್ಲಮ್ಮ," ಅಂದರು.

ಆಗ ಒಳಗಿನಿಂದ ಕಬ್ಬಿಣ ನೆಲಕ್ಕೆ ಉಜ್ಜಿದ ಸದ್ದು ಬಂತು. ರಮಾಮಣಿ ಏನೋ ಎಳೆಯುತ್ತಿದ್ದಾರೆ ಎಂದುಕೊಂಡೆ. ರಮಾಮಣಿ ನನ್ನ ಪಕ್ಕದಲ್ಲೇ ಇದ್ದರು. ಸದ್ದು ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಬಾಗಿಲಲ್ಲಿ ನಾರಾಯಣಮ್ಮ ಅಕ್ಕ ನಿಂತಿದ್ದರು. ಟವೆಲು ಇನ್ನೂ ವಾಕರಿನ ಮೇಲೆಯೇ ಇತ್ತು, ಅದರ ಸಮೇತ ಕಂಬಿಯನ್ನು ಹಿಡಿದಿದ್ದರು. ಮುಖ ಬೆವೆತು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಅಣ್ಣ ಎದ್ದು ಓಡಿದರು. "ನನ್ನ ಮುಟ್ಬ್ಯಾಡ," ಅಂದರು ಅಕ್ಕ. "ಅದನ್ನ ಇಡ್ಕೊ ಓಗು."

ಜಗಲಿಯ ಅಂಚಿನವರೆಗೆ ಬಂದು ನಿಂತು, ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಒಂದು ಸದ್ದು ಮಾಡಿದರು. ಹೊಲದಿಂದ ಆಡುಗಳನ್ನು ಕರೆಯುವ ಸದ್ದು ಇರಬೇಕು, ನಾನು ಅದುವರೆಗೆ ಕೇಳಿರಲಿಲ್ಲ. ಕರುಪ್ಪಿಯ ಕಿವಿ ತಿರುಗಿತು. ಅಕ್ಕ ಮತ್ತೆ ಕರೆದು, ವಾಕರ್ ಎತ್ತಿ ಮುಂದಿಟ್ಟು, ಜಗಲಿಯುದ್ದಕ್ಕೂ ಹೊರಟರು. ತನ್ನನ್ನು ಬಿಟ್ಟು ಹೋಗುತ್ತಾಳೆ ಎಂದುಕೊಂಡಿತೋ ಏನೋ, ಆಡು ಹಿಂಗಾಲನ್ನು ಎತ್ತಿತು, ಬಿತ್ತು, ಮತ್ತೆ ಎತ್ತಿತು. ಈ ಸಲ ಡಾಕ್ಟರು ಪಕ್ಕೆಗೆ ಆತು ಹಿಡಿದರು. ಅದು ನಿಂತಿತು. ಅಕ್ಕ ಮೇಲೆ ಜಗಲಿಯಲ್ಲಿ, ಕರುಪ್ಪಿ ಕೆಳಗೆ ಬೀದಿಯಲ್ಲಿ, ಇಬ್ಬರೂ ತಡವರಿಸಿಕೊಂಡು ಆ ತುದಿಗೆ ಹೋಗಿ ಈ ತುದಿಗೆ ಬಂದರು. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಕೊನೆಗೆ ಕರುಪ್ಪಿ ಒಂದು ದೊಡ್ಡ ಹುಳಿತೇಗು ಬಿಟ್ಟಿತು. ಡಾಕ್ಟರು ಪಕ್ಕೆಗೆ ಕಿವಿಗೊಟ್ಟು, "ಹೊಟ್ಟೆ ತಿರುಗಿತು" ಎಂದು ನಕ್ಕರು.

ಎಂಥ ಸಂಗತಿ ನಡೆದರೂ ಮೊದಲು ಓಡಿ ಬಗ್ಗಿ ನೋಡುವ ಮನುಷ್ಯ ವೆಂಕಟಾಚಲಣ್ಣ. ಆಡಿನ ಹೊಟ್ಟೆ ತಿರುಗಿತಂತೆ ಎಂದರೆ ಅವರ ಕಿವಿ ಅಲ್ಲಿರಬೇಕಿತ್ತು. ಅವರು ಅತ್ತ ನೋಡಲೂ ಇಲ್ಲ. ಅಕ್ಕನ ನಡುಗುವ ಕಾಲನ್ನೇ ನೋಡುತ್ತ ನಿಂತಿದ್ದರು. ಅಕ್ಕನನ್ನು ಜಗಲಿಯ ಮೇಲೆ ಕೂರಿಸಿ, ತಾವು ಕೆಳಗೆ ಮೆಟ್ಟಿಲ ಮೇಲೆ ಕೂತರು.

"ನೋಯ್ತೈತಾ ಅಕ್ಕಾ?"

"ನೋಯ್ತೈತೆ. ಮಲ್ಗಿದ್ದಾಗ್ಲೂ ನೋಯ್ತಿತ್ತು. ಎದ್ರೆ ಜೀವ ಓಗೋವಂಗೆ ನೋಯ್ತಿತ್ತು, ಅದಕ್ಕೇ ಏಳ್ತಿರ್ಲಿಲ್ಲ." ಅಕ್ಕ ಸೆರಗಿನಲ್ಲಿ ಬೆವರೊರೆಸಿಕೊಂಡರು. "ಆಡಿನ ಹಿಕ್ಕೇನೂ ಕೆದಕಿ ನೋಡ್ದೆ. ನನ್ನ ಕಾಲು ಯಾಕೆ ಏಳ್ತಿಲ್ಲ ಅಂತ ನನ್ನ ಒಂದ್ ಮಾತು ಕೇಳ್ಲಿಲ್ವಲ್ಲೋ."

ಅಣ್ಣನ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಕೈಗೆ ಇನ್ನೂ ಹಸಿರು ರಸ ಮೆತ್ತಿತ್ತು. ಆ ಕೈಯನ್ನು ಪಂಚೆಗೆ ಉಜ್ಜಿಕೊಂಡು, ಅಕ್ಕನ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

"ಎಲ್ಲಿ ಅಕ್ಕಾ ನೋಯ್ತೈತೆ? ಎಲ್ಲಿಂದ ಶುರುವಾಗ್ತೈತೆ?"

"ಇಲ್ಲಿ," ಎಂದು ಅಕ್ಕ ಸೊಂಟದ ಪಕ್ಕ ಬೆರಳಿಟ್ಟು ಹೇಳತೊಡಗಿದರು.